ಐವತ್ತೆರಡು ಸುತ್ತಿನ ದೀಪ

ನಾಜಿವಾ ಹುಟ್ಟಿದ್ದು ತೊಗಟೆಬಟ್ಟೆ ಬಡಿಯುವವರ ಮನೆಯಲ್ಲಿ. ಮಸಾಕಾ ಪಟ್ಟಣದಿಂದ ಎರಡು ಗುಡ್ಡ ಆಚೆ, ಬಾಳೆತೋಟದ ಅಂಚಿಗೆ ಅವಳ ಅಪ್ಪನ ಚಪ್ಪರವಿತ್ತು. ಮಳೆಗಾಲ ಹಿಡಿಯಿತೆಂದರೆ ಅಪ್ಪ ಬೆಳಗಿನ ತಂಪಿನಲ್ಲೇ ಮುಟುಬಾ ಮರದ ಬುಡಕ್ಕೆ ಹೋಗಿ, ಮೇಲೊಂದು ಕೆಳಗೊಂದು ಗೆರೆ ಕೊಯ್ದು, ತೊಗಟೆಯನ್ನು ಇಡಿಯಾಗಿ ಸುಲಿದುಕೊಂಡು ಬರುತ್ತಿದ್ದ. ಬೆತ್ತಲೆ ನಿಂತ ಮರಕ್ಕೆ ಬಾಳೆಲೆ ಸುತ್ತಿ ನಾರು ಕಟ್ಟುವ ಕೆಲಸ ನಾಜಿವಾಳದು. ವರ್ಷ ಕಳೆಯುವುದರೊಳಗೆ ಮರ ಇನ್ನೊಂದು ತೊಗಟೆ ಹೊದ್ದು ನಿಲ್ಲುತ್ತಿತ್ತು. ತಂದ ತೊಗಟೆಯನ್ನು ಹಬೆಗೆ ಹಿಡಿದು, ದಿಮ್ಮಿಯ ಮೇಲೆ ಹಾಸಿ, ಮೂರು ಬಗೆಯ ಕೊಡತಿಗಳಿಂದ ದಿನಗಟ್ಟಲೆ ಬಡಿದರೆ ಮೊಳದಗಲದ್ದು ಹಿಗ್ಗಿ ಹಿಗ್ಗಿ ಮೈತುಂಬ ಹೊದೆಯುವ ಬಟ್ಟೆಯಾಗುತ್ತಿತ್ತು. ಬಿಸಿಲಿಗೆ ಹರವಿದರೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಕೊಡತಿ ಗಂಡಸರ ಕೈಯದು. ಅದನ್ನು ಹಿಡಿದವರು ಅಪ್ಪ ಮತ್ತು ಅಣ್ಣ ಲುಬೇಗಾ. ಗಂಟಿದ್ದ ಕಡೆ ತೂತು ಬಿದ್ದರೆ ತೇಪೆ ಇಟ್ಟು ಹೊಲಿಯುವುದು ಮಾತ್ರ ಅವಳ ಪಾಲಿಗೆ ಬಂದಿತ್ತು.

ಅಪ್ಪನ ಅಪ್ಪ ಅರಮನೆಗೆ ಬಟ್ಟೆ ಹೊತ್ತುಕೊಂಡು ಹೋಗುತ್ತಿದ್ದವನು. ಬುಗಾಂಡದ ರಾಜನ ಪಟ್ಟಕ್ಕೆ, ರಾಜನ ಕೋಣೆಯ ತೆರೆಗೆ, ನಗಾರಿಗಳ ಹೊದಿಕೆಗೆ ಈ ಮನೆಯ ಬಟ್ಟೆಯೇ ಆಗಬೇಕಿತ್ತಂತೆ. ನಾಜಿವಾಳಿಗೆ ಏಳು ವರ್ಷವಾಗಿದ್ದಾಗ ರಾಜ ದೇಶ ಬಿಟ್ಟು ಹೋದ. ಮರುವರ್ಷ ರಾಜ್ಯವೇ ಇಲ್ಲ ಎಂದು ಸರಕಾರ ಸಾರಿತು. ಅಲ್ಲಿಂದಾಚೆಗೆ ತೊಗಟೆಬಟ್ಟೆಗೆ ಸಾವು ಬಿಟ್ಟರೆ ಬೇರೆ ಗಿರಾಕಿ ಉಳಿಯಲಿಲ್ಲ. ಹೆಣವನ್ನು ಅದರಲ್ಲಿ ಸುತ್ತದೆ ಬುಗಾಂಡದವರು ಯಾರೂ ಮಣ್ಣು ಮಾಡುವುದಿಲ್ಲ. ನೆಂಟರು ತಲೆಗೊಂದರಂತೆ ತಂದು ಹೊದಿಸುತ್ತಾರೆ. ಅಪ್ಪ ಬಡಿಯುತ್ತ ಬಡಿಯುತ್ತ ಅರಮನೆಯ ಮಾತು ಹೇಳುತ್ತಿದ್ದ, ಅಷ್ಟರಲ್ಲಿ ಯಾರೋ ತಲೆ ತಗ್ಗಿಸಿಕೊಂಡು ಚಪ್ಪರದ ಮುಂದೆ ಬಂದು ನಿಲ್ಲುತ್ತಿದ್ದರು. ಯಾರು ಹೋದರು ಎಂದು ಕೇಳಿ, ಅಳತೆ ಕೇಳದೆ ಅಪ್ಪ ಒಂದು ಮಡಿಕೆ ಎತ್ತಿ ಕೊಡುತ್ತಿದ್ದ.

ಎಪ್ಪತ್ತೊಂಬತ್ತರ ಯುದ್ಧದಲ್ಲಿ ಮಸಾಕಾ ನೆಲಸಮವಾಯಿತು. ಮುರಿದ ಪಟ್ಟಣಕ್ಕೆ ಮತ್ತೆ ತಂತಿ ಎಳೆಯಲು ಬಂದವರಲ್ಲಿ ಮಯಂಜಾ ಒಬ್ಬ. ಉದ್ದ ಕೈಕಾಲಿನ, ಮಾತಿಗೊಮ್ಮೆ ನಗುವ ಆಳು. ಅವನು ನಾಜಿವಾಳನ್ನು ಮದುವೆಯಾಗಿ ಪಟ್ಟಣದ ಅಂಚಿನ ನ್ಯೆಂಡೊದಲ್ಲಿ ಒಂದು ಕೋಣೆ ಹಿಡಿದ. ಹೆಂಗಸಿಗೆ ಈ ಕೆಲಸವೇಕೆ ಎಂದು ಅವನಿಗೆ ಎಂದೂ ಅನ್ನಿಸಿದ್ದಿಲ್ಲ. ಏಣಿ ಹಿಡಿದುಕೊಳ್ಳಲು ಕರೆದವನು ತಂತಿ ಸುಲಿಯುವುದನ್ನು ಹೇಳಿಕೊಟ್ಟ, ಆಮೇಲೆ ಹೋಲ್ಡರು ಕಟ್ಟುವುದನ್ನು, ಆಮೇಲೆ ಸ್ವಿಚ್ಚು ಕೂರಿಸುವುದನ್ನು. ಹುಟ್ಟಿದ ಒಂದು ಹೆಣ್ಣುಕೂಸು ದಡಾರಕ್ಕೆ ಹೋಯಿತು. ಅದನ್ನು ಸುತ್ತಿದ ಬಟ್ಟೆ ತಾನೇ ತೇಪೆ ಹಾಕಿದ್ದು ಎಂಬುದನ್ನು ನಾಜಿವಾ ಮಣ್ಣು ಎಳೆಯುವ ಹೊತ್ತಿಗೆ ಗುರುತಿಸಿದಳು, ಯಾರಿಗೂ ಹೇಳಲಿಲ್ಲ.

ಆಮೇಲೆ ಸೊರಗುವ ಕಾಯಿಲೆ ಬಂತು. ಲಾರಿ ರಸ್ತೆಯ ಊರುಗಳಲ್ಲಿ ಅದು ಮನೆ ಬಿಟ್ಟು ಮನೆ ಹಿಡಿಯಲಿಲ್ಲ, ಸಾಲಾಗಿ ಹಿಡಿಯಿತು. ಅಪ್ಪನೂ ಲುಬೇಗಾನೂ ಊಟಕ್ಕೂ ಏಳದೆ ಬಡಿದರು. ಹಿಂದೆ ಕೊಡತಿಯ ಸದ್ದು ಕೇಳಿದರೆ ಮಳೆ ಚೆನ್ನಾಗಿದೆ ಎನ್ನುತ್ತಿದ್ದ ಜನ ಈಗ ಗುಡ್ಡದಾಚೆ ಟಕಟಕ ಕೇಳಿದರೆ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎಳೆ ಮರಗಳ ತೊಗಟೆಯನ್ನೂ ಬಿಡಲಿಲ್ಲ. ನಾಜಿವಾ ನ್ಯೆಂಡೊದಿಂದ ವಾರಕ್ಕೆರಡು ಸಲ ನಡೆದು ಬಂದು ಹೊಲಿದು ಹೋಗುತ್ತಿದ್ದಳು. ಅಪ್ಪ ಒಂದು ದಿನ ದಿಮ್ಮಿಯ ಮುಂದೆ ಕೂತಲ್ಲೇ ಒರಗಿದ. ಅವನದು ಕಾಯಿಲೆಯಲ್ಲ, ದಣಿವು. ಮರುವರ್ಷ, ತೊಂಬತ್ತೊಂದರಲ್ಲಿ, ಏಣಿ ಹತ್ತಲಾಗದೆ ಮಯಂಜಾ ಮನೆಗೆ ಬಂದು ಮಲಗಿದ. ಏಳು ತಿಂಗಳು ಮಲಗಿದ್ದ. ಕೊನೆಕೊನೆಗೆ ಅವನನ್ನು ಎತ್ತಿ ಕೂರಿಸಲು ಅವಳ ಒಂದು ಕೈ ಸಾಕಾಗುತ್ತಿತ್ತು.

ಅವನಿಗೆ ಹೊದಿಸಿ ಉಳಿದ ಒಂದು ತುಂಡು ಮನೆಯಲ್ಲಿತ್ತು. ಚಿಕ್ಕದು, ಯಾರಿಗೂ ಬರುವಂಥದ್ದಲ್ಲ. ರಸ್ತೆಯ ಧೂಳು ಬರುತ್ತದೆಂದು ಅದನ್ನು ಕಿಟಕಿಗೆ ಮೊಳೆ ಹೊಡೆದು ಕಟ್ಟಿದಳು. ಒಂದು ಮಧ್ಯಾಹ್ನ ಇಳಿಬಿಸಿಲು ಅದರ ಹಿಂದೆ ಬಂತು. ಬಟ್ಟೆ ಕೆಂಡದ ಹಾಗೆ ಹೊತ್ತಿಕೊಂಡಿತು. ಅದರೊಳಗಿನ ನಾರು ಎಲೆಯ ನರಗಳಂತೆ ಕವಲೊಡೆದು ಕಂಡಿತು. ಅವಳ ಹೊಲಿಗೆಗಳು ಕಪ್ಪಗೆ, ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಇಪ್ಪತ್ತೈದು ವರ್ಷ ಆ ಬಟ್ಟೆ ಹೊಲಿದವಳು ಒಮ್ಮೆಯೂ ಅದನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ. ಮಣ್ಣಿಗೆ ಹೋಗುವುದನ್ನು ಯಾರು ನೋಡುತ್ತಾರೆ? ಅವಳು ನೆಲದ ಮೇಲೆ ಕೂತು, ಬಿಸಿಲು ಸರಿದು ಹೋಗುವವರೆಗೆ ಅತ್ತಳು.

ಮರುದಿನ ಮಯಂಜಾನ ಪೆಟ್ಟಿಗೆ ತೆರೆದು ದಪ್ಪ ತಂತಿ ಬಗ್ಗಿಸಿದಳು. ಅವಳಿಗೆ ಮನಸ್ಸಿನಲ್ಲಿ ಪೂರ್ತಿ ಗೊತ್ತಿದ್ದ ಆಕಾರ ಒಂದೇ, ಅಪ್ಪ ಬಾಯಲ್ಲಿ ಬಣ್ಣಿಸುತ್ತಿದ್ದ ಅರಮನೆಯ ನಗಾರಿ. ಮೇಲೆ ಅಗಲ, ಕೆಳಗೆ ಕಿರಿದು. ಆ ತಂತಿಯ ಗೂಡಿಗೆ ಬಟ್ಟೆ ಎಳೆದು ಹೊಲಿದು ಒಳಗೊಂದು ಬಲ್ಬು ಇಳಿಬಿಟ್ಟಳು.

ಬಾಳೆಕಾಯಿ ಗೊನೆ ತಂದುಕೊಟ್ಟು ಹೋಗಲು ಬಂದ ಲುಬೇಗಾ ಬಾಗಿಲಲ್ಲೇ ನಿಂತ. ಒಳಗೆ ಬರಲಿಲ್ಲ.

"ಹೆಣಕ್ಕೆ ಹೊದಿಸೋದನ್ನ ಬಲ್ಬಿಗೆ ಹೊದಿಸಿದೀಯಲ್ಲ. ಗಂಡನ ಜೊತೆ ತಲೇನೂ ಮಣ್ಣಿಗೆ ಹಾಕಿ ಬಂದ್ಯಾ?" ಎಂದ.

"ರಾಜರು ಬದುಕಿದ್ದಾಗಲೇ ಹೊದೀತಿದ್ರು ಅಂತ ಅಪ್ಪ ಹೇಳ್ತಿರ್ಲಿಲ್ವಾ ಅಣ್ಣಾ?"

"ನೀನೇನು ರಾಜನ ಮನೇಲಿದೀಯಾ?"

"ಇಲ್ಲ. ಮಣ್ಣಿಗೆ ಹಾಕಿ ಹಾಕಿ ಸಾಕಾಗಿದೆ, ಅಷ್ಟೇ."

ಲುಬೇಗಾ ಗೊನೆಯನ್ನು ಹೊಸಿಲ ಮೇಲಿಟ್ಟು ಹೊರಟುಹೋದ. ಆಮೇಲೆ ಹದಿನೆಂಟು ವರ್ಷ ಅವನು ಆ ಮನೆಗೆ ಬಂದಾಗಲೆಲ್ಲ ದೀಪಗಳ ಕಡೆ ಬೆನ್ನು ಮಾಡಿ ಕೂರುತ್ತಿದ್ದ. ಬರುವುದನ್ನು ಮಾತ್ರ ತಪ್ಪಿಸಲಿಲ್ಲ.

ನೆರೆಯವರೂ ಅಣ್ಣನ ಹಾಗೆಯೇ. ಎದುರು ಮನೆಯ ಹುಡುಗಿಯ ಮದುವೆಗೆ ಒಂದು ದೀಪ ಉಡುಗೊರೆ ಕೊಟ್ಟಿದ್ದಳು. ಮೂರನೆಯ ದಿನ ಅದು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಬಾಗಿಲ ಬಳಿ ಕೂತಿತ್ತು. ಅವಳ ಬೆನ್ನ ಹಿಂದೆ ಹೆಂಗಸರು ‘ಹೆಣದ ದೀಪದವಳು’ ಎನ್ನುತ್ತಿದ್ದರು. ರಾಜಧಾನಿ ಕಂಪಾಲಾದ ಕರಕುಶಲ ಸಂತೆಯಲ್ಲಿ ಮೂಲೆ ಹಿಡಿದ ಮೇಲೆ ಬೇರೆ ದೇಶದವರು ಕೊಳ್ಳತೊಡಗಿದರು. ಬಲ್ಬು ಕಾದರೆ ಬಟ್ಟೆಯಿಂದ ಒದ್ದೆ ಮಣ್ಣಿನ, ಹೊಗೆಯ ವಾಸನೆ ಏಳುತ್ತದೆ. ಅವರಿಗೆ ಅದು ಇಷ್ಟ. ಒಮ್ಮೆ ಕೋಟು ಹಾಕಿದ ಬುಗಾಂಡದವನೇ ಒಬ್ಬ ಹಿರಿಯ ಬಂದು ದೀಪದ ಮುಂದೆ ಬಾಗಿದವನು ಹಾಗೆಯೇ ನಿಂತುಬಿಟ್ಟ. "ಇದು ನಮ್ಮ ತಾಯಿನ ಕಳಿಸಿದ ದಿನದ ವಾಸನೆ ಕಣಮ್ಮಾ" ಎಂದು ಹೇಳಿ, ಏನೂ ಕೊಳ್ಳದೆ ಹೋದ. ಅವಳು ಅಂದು ಅಂಗಡಿ ಬೇಗ ಮುಚ್ಚಿದಳು.

ಈ ನಡುವೆ, ತೊಂಬತ್ತಮೂರರಲ್ಲಿ, ರಾಜ್ಯ ಮರಳಿ ಬಂತು. ಹೊಸ ರಾಜನ ಪಟ್ಟದ ದಿನ ಜನ ಅಂಗಿಯ ಮೇಲೆ ತೊಗಟೆಬಟ್ಟೆ ಹೊದ್ದು, ಹೆಗಲ ಮೇಲೆ ಗಂಟು ಹಾಕಿಕೊಂಡು ಕುಣಿದರು. ಲುಬೇಗಾ ಆ ವರ್ಷ ಬಡಿದದ್ದೆಲ್ಲ ಬದುಕಿದವರ ಮೈಗೆ ಹೋಯಿತು. ಅವನು ಎದೆಯುಬ್ಬಿಸಿ ನಡೆದದ್ದನ್ನು ನಾಜಿವಾ ಆಗಷ್ಟೇ ನೋಡಿದ್ದು. ಅವಳೂ ಅಂದು ಮೊದಲ ಬಾರಿಗೆ ಕಂಪಾಲಾದ ಕಸುಬಿ ಗುಡ್ಡಕ್ಕೆ, ರಾಜರ ಗೋರಿಮನೆಗೆ ಹೋದಳು.

ಆ ಮನೆ ನೆಲದಿಂದೆದ್ದ ಹುಲ್ಲಿನ ಗುಡ್ಡದ ಹಾಗಿತ್ತು. ಒಳಗೆ ಚಾಪೆಯ ಮೇಲೆ ಕಾಲು ಮಡಿಸಿ ಕೂತು ಕತ್ತೆತ್ತಿದರೆ ಮಾಡಿನ ಒಳಮೈಗೆ ಜೊಂಡಿನ ಸುತ್ತುಗಳು, ಒಂದರೊಳಗೊಂದು, ನೆತ್ತಿಯವರೆಗೆ. ಎದುರಿಗೆ ಆಳೆತ್ತರದ ತೊಗಟೆಬಟ್ಟೆಯ ತೆರೆ. ರಾಜರು ಸತ್ತರು ಎನ್ನಬಾರದು; ತೆರೆಯ ಹಿಂದೆ ಕಾಡಿದೆ, ಅವರು ಕಾಡಿಗೆ ಹೋದರು ಎನ್ನಬೇಕು. ಮಯಂಜಾನ ಬಗ್ಗೆ ಹಾಗೆ ಹೇಳಲು ಯಾರೂ ಬಿಟ್ಟಿರಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಶಾಲೆಯ ನೋಟುಪುಸ್ತಕ ತೆಗೆದು ಆ ಸುತ್ತುಗಳನ್ನು ಬರೆದುಕೊಂಡಳು. ಮತ್ತೆ ಮತ್ತೆ ಹೋದಳು.

ಆ ಆಕಾರದ ದೀಪವೊಂದನ್ನು ಮಾಡಿ, ಗೋರಿ ಕಾಯುವ ಹೆಂಗಸರಿಗೆ ತೋರಿಸಲು ಒಯ್ದಳು. ಬಾಗಿಲ ಬಳಿ ಮಂಡಿಯೂರಿ ಮುಂದಿಟ್ಟಳು. ಅಲ್ಲಿದ್ದವರಲ್ಲಿ ಹಿರಿಯಳು, ಹಲ್ಲಿಲ್ಲದ ಅಜ್ಜಿ, ಬೆರಳಿಟ್ಟು ಸುತ್ತುಗಳನ್ನು ಎಣಿಸಿದಳು.

"ಒಂಬತ್ತು. ಕುಲ ಎಷ್ಟಮ್ಮಾ ನಮ್ಮವು?"

"ಐವತ್ತೆರಡು ಅಜ್ಜಿ."

"ಮಿಕ್ಕ ನಲವತ್ತಮೂರು ಕುಲದೋರು ಹೊರಗೆ ಮಳೇಲಿ ನೆನೀತಿದಾರಾ?"

ಕೂತವರೆಲ್ಲ ನಕ್ಕರು, ನಾಜಿವಾಳೂ ನಕ್ಕಳು. ಆದರೆ ಮನೆಗೆ ಬಂದು ಅದನ್ನು ಬಿಚ್ಚಿಹಾಕಿದಳು. ಗೋರಿಮನೆಯ ಹಾಗೆ ಕುಲಕ್ಕೊಂದರಂತೆ ಐವತ್ತೆರಡು ಸುತ್ತು ಕೂರಬೇಕಾದರೆ ಜೊಂಡನ್ನು ದಾರದಷ್ಟು ತೆಳ್ಳಗೆ ಸೀಳಬೇಕು. ಅಷ್ಟು ಸುತ್ತು ಕೂತರೆ ಗಾಳಿಯಾಡದೆ ಬಲ್ಬಿನ ಕಾವಿಗೆ ಬಟ್ಟೆ ಕರಕಾಗುತ್ತದೆ. ನೆತ್ತಿಯಲ್ಲಿ ಕಿಂಡಿ ಬಿಟ್ಟು ನೋಡಿದಳು, ಬಲ್ಬನ್ನು ನಾಲ್ಕು ಬೆರಳು ಕೆಳಗಿಳಿಸಿ ನೋಡಿದಳು. ಎಲ್ಲ ಸರಿಹೋದರೆ ಬಟ್ಟೆ ದಪ್ಪವಾಗಿ ಬೆಳಕೇ ಹೊರಬರುತ್ತಿರಲಿಲ್ಲ. ಇನ್ನೂ ತೆಳ್ಳಗೆ ಬಡಿದುಕೊಡು ಎಂದು ಅಣ್ಣನನ್ನು ಕೇಳಿದಳು. ಮೂಳೆ ಕಾಣುವ ಬಟ್ಟೆ ಬಡಿಯುವುದು ನಮ್ಮ ಮನೆತನದಲ್ಲಿಲ್ಲ ಎಂದ ಲುಬೇಗಾ. ವರ್ಷಗಳು ಹೋದವು. ಅವಳು ನಗಾರಿಯ ದೀಪಗಳನ್ನೇ ಮಾಡಿ ಮಾರುತ್ತ ಇದ್ದಳು.

ಇಷ್ಟು ಕಾಲವೂ ಅವಳೊಳಗೆ ಒಂದು ಭಯ ಇತ್ತು. ಗಂಡನ ಕಾಯಿಲೆ ತನ್ನಲ್ಲೂ ಇದ್ದೇ ಇರುತ್ತದೆ, ಇಂದಲ್ಲ ನಾಳೆ ತಲೆಯೆತ್ತುತ್ತದೆ ಎಂದು. ಕೊನೆಗೆ ಅವನು ಹೋಗಿ ಹದಿಮೂರು ವರ್ಷವಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದಳು. ಏನೂ ಇರಲಿಲ್ಲ. ನರ್ಸು ಕೈ ಹಿಡಿದು ಕುಲುಕಿದಳು. ನಾಜಿವಾ ಆಸ್ಪತ್ರೆಯ ಹಲಸಿನ ಮರದ ಕೆಳಗೆ ಮಧ್ಯಾಹ್ನದವರೆಗೆ ಕೂತಿದ್ದಳು. ಸಂತೋಷ ಬರಲಿಲ್ಲ. ಅವನೊಬ್ಬನನ್ನೇ ಕಳಿಸಿದೆನಲ್ಲ ಎಂಬ ನಾಚಿಕೆ ಬಂತು.

ಎರಡು ಸಾವಿರದ ಒಂಬತ್ತರಲ್ಲಿ ಬಿರುಂಗಿ ಎಂಬ ಹೆಂಗಸು ಅವಳನ್ನು ಹುಡುಕಿಕೊಂಡು ನ್ಯೆಂಡೊಗೆ ಬಂದಳು. ಕಂಪಾಲಾದಲ್ಲಿ ಹೊಸ ಹೋಟೆಲು ಕಟ್ಟಿಸುತ್ತಿದ್ದಳು. ಊಟದ ಕೋಣೆಗೆ ಆರು ನಗಾರಿ ದೀಪ ಬೇಕು, ಹೆಬ್ಬಾಗಿಲ ಒಳಗೆ ನಡುಮನೆಗೆ ಗೋರಿಮನೆಯ ಆಕಾರದ್ದೇ ಒಂದು, ಮನುಷ್ಯನ ಎತ್ತರದ್ದು, ಬೇಕು ಎಂದಳು. ನೋಟುಪುಸ್ತಕದ ಪುಟ ನೋಡಿ, ಇಂಥದ್ದೇ ಎಂದು ಬೆರಳಿಟ್ಟಳು. ಐವತ್ತು ವರ್ಷದ ನಾಜಿವಾ ಆ ವಾರವೆಲ್ಲ ನಿದ್ದೆಗೆಟ್ಟು ಅಳತೆ ಬರೆದಳು. ನಗಾರಿಗಳು ನಾಲ್ಕು ತಿಂಗಳಲ್ಲಿ ಮುಗಿದು ಹೋಟೆಲು ಸೇರಿದವು. ದೊಡ್ಡದಕ್ಕೆ ಬಟ್ಟೆಯೇ ಇರಲಿಲ್ಲ.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಲುಬೇಗಾ ಸೈಕಲ್ಲಿನ ಹಿಂದೆ ಒಂದು ಗಂಟು ಕಟ್ಟಿಕೊಂಡು ಬಂದ. ಚಹಾ ಕುಡಿದ, ಕಡಲೆಕಾಯಿ ಸಾರಿನಲ್ಲಿ ಬಾಳೆಕಾಯಿ ಉಂಡ, ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಮೊಣಕಾಲು ನೋವಿನ ವಿಷಯ ಹೇಳಿದ. ಹೋಗುವಾಗ ಗಂಟನ್ನು ಮರೆತವನಂತೆ ಬಿಟ್ಟು ಹೋದ. ಬಿಚ್ಚಿದರೆ ನಾಲ್ಕು ಬಟ್ಟೆ. ಅಂಥ ತೆಳುವನ್ನು ಅವಳು ಮುಟ್ಟಿರಲಿಲ್ಲ. ಕೈ ಹಿಂದಿಟ್ಟರೆ ಬೆರಳು ಕಾಣುತ್ತಿತ್ತು, ಆದರೂ ಒಂದು ಕಡೆಯೂ ಹರಿದಿರಲಿಲ್ಲ. ಅರವತ್ತು ದಾಟಿದ ಕೈ ಅದನ್ನು ಎಷ್ಟು ದಿನ ಬಡಿದಿರಬೇಕು ಎಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಮುಂದಿನ ಸಲ ಅವನು ಬಂದಾಗ ಆ ಮಾತೆತ್ತಿದಳು. ಯಾವ ಗಂಟು ಎಂದ ಅವನು.

ಮಾರ್ಚಿ ತಿಂಗಳ ಹೊತ್ತಿಗೆ ಐವತ್ತೆರಡು ಸುತ್ತೂ ಕೂತಿದ್ದವು. ಇನ್ನು ನೆತ್ತಿಯ ಕಟ್ಟು ಬಿಗಿದರೆ ಮುಗಿಯಿತು ಎನ್ನುವ ಒಂದು ಬುಧವಾರ ಬೆಳಿಗ್ಗೆ, ಎದುರು ಮನೆಯ ರೇಡಿಯೋದಲ್ಲಿ ಗಂಡಸೊಬ್ಬ ಅಳುತ್ತ ಮಾತಾಡುವುದು ಕೇಳಿಸಿತು. ಹಿಂದಿನ ದಿನ ಕಸುಬಿಯ ಗೋರಿಮನೆ ಸುಟ್ಟುಹೋಗಿತ್ತು. ಮಾಡು, ಸುತ್ತು, ತೆರೆ, ಯಾವುದೂ ಉಳಿದಿರಲಿಲ್ಲ.

ಲುಬೇಗಾ ಅಂದೇ ಹೆಗಲಿಗೆ ತೊಗಟೆಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತಿದ. ಒಂಬತ್ತು ದಿನ ಅಲ್ಲೇ ಬೂದಿಯ ಪಕ್ಕ ಮಳೆಯಲ್ಲಿ, ಬಂದ ಸಾವಿರಾರು ಜನರ ನಡುವೆ ಕೂತಿದ್ದ. ಬರುವಾಗ ಕೆಮ್ಮು ಹಿಡಿದಿತ್ತು, ಕಣ್ಣು ಒಳಗೆ ಹೋಗಿದ್ದವು. ತನ್ನ ಮನೆಗೆ ಹೋಗದೆ ನೇರ ತಂಗಿಯ ಮನೆಗೆ ಬಂದ. ಅವಳು ಕೊಟ್ಟ ನೀರು ಕುಡಿದ. ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ತಿರುಗಿ, ಕೋಣೆಯ ನಡುವೆ ನಿಂತಿದ್ದ ಆ ದೀಪದ ಕಡೆ ನೋಡಿದ. ಒಡೆದು ಹಾಕು ಎನ್ನುತ್ತಾನೆ ಎಂದುಕೊಂಡಳು ಅವಳು.

"ಹಚ್ಚು," ಎಂದ.

"ಬೇಡ ಅಣ್ಣಾ."

"ನಾನು ಬಡಿದ ಬಟ್ಟೆ. ಹಚ್ಚು, ನೋಡ್ತೀನಿ."

ಅವಳು ಹಗಲಿನಲ್ಲೇ ಕಿಟಕಿ ಬಾಗಿಲು ಮುಚ್ಚಿ ಸ್ವಿಚ್ಚು ಒತ್ತಿದಳು. ಮಾಡು ಒಳಗಿನಿಂದ ಕೆಂಪಗೆ ಮೂಡಿತು, ಸುತ್ತುಗಳು ಒಂದೊಂದಾಗಿ ಕೆಳಗಿನಿಂದ ನೆತ್ತಿಯವರೆಗೆ. ಅಷ್ಟು ಚೆಂದ ಅವಳ ಕೈಯಿಂದ ಹಿಂದೆಂದೂ ಆಗಿರಲಿಲ್ಲ, ಅದು ಅವಳಿಗೂ ಗೊತ್ತಾಯಿತು. ಲುಬೇಗಾ ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಮೊದಲು ಹೀಗೇ ಕಂಡಿತಂತೆ," ಎಂದ. "ಹೊರಗೆ ನಿಂತು ನೋಡಿದೋರು ಹೇಳಿದ್ರು. ಹುಲ್ಲು ಹತ್ತಿಕೊಳ್ಳೋಕೆ ಮುಂಚೆ, ಒಳಗಡೆಯಿಂದ ಹೀಗೇ ಕೆಂಪಗೆ ಬೆಳಗಿತಂತೆ. ಎಷ್ಟು ಚೆನ್ನಾಗಿದೆ ಅಂದುಕೊಂಡ್ರಂತೆ ಒಂದು ಗಳಿಗೆ." ಮುಖದಿಂದ ಕೈ ತೆಗೆಯದೆ, "ಆರಿಸಮ್ಮಾ," ಎಂದ.

ಅವಳು ಆರಿಸಿದಳು. ಇಬ್ಬರೂ ಆ ಕತ್ತಲಲ್ಲಿ ಕೂತಿದ್ದರು. ಅಣ್ಣ ಅಳುವ ಸದ್ದು ಅವಳು ಅಪ್ಪ ಸತ್ತಾಗಲೂ ಕೇಳಿರಲಿಲ್ಲ.

ವಾರದ ಮೇಲೆ ಬಿರುಂಗಿ ಬಂದಳು. ಅವಳೂ ಕಪ್ಪು ಉಟ್ಟಿದ್ದಳು, ದುಃಖ ಸುಳ್ಳಲ್ಲ. ಮನೆ ಹೋಯಿತು, ಈಗ ಅದರ ಆಕಾರ ಉಳಿದಿರುವುದು ಈ ದೀಪದಲ್ಲಿ ಮಾತ್ರ, ಜನ ನೋಡಲು ಬರುತ್ತಾರೆ, ನಿನ್ನ ಹೆಸರು ಬರೆಸಿ ಹಾಕುತ್ತೇನೆ ಎಂದು ಬಹಳ ಹೇಳಿದಳು. ನಾಜಿವಾ ಕೇಳಿಸಿಕೊಂಡಳು.

"ಸುಟ್ಟ ಮನೆಯೊಳಗೆ ದಿನಾ ಸಂಜೆ ದೀಪ ಹಚ್ಚೋದು ನನ್ನ ಕೈಲಾಗಲ್ಲಮ್ಮಾ," ಎಂದಳು. ಬಿರುಂಗಿ ಕೋಪ ಮಾಡಿಕೊಳ್ಳದೆ ಹೋದಳು. ಆದರೆ ಮತ್ತೆ ಬರಲಿಲ್ಲ.

ದೀಪವನ್ನು ಒಡೆಯಲು ನಾಜಿವಾಳಿಗೆ ಮನಸ್ಸು ಬರಲಿಲ್ಲ. ಹೊಲಿಗೆ ಹೊಲಿಗೆಯಾಗಿ, ಸುತ್ತು ಸುತ್ತಾಗಿ ಬಿಚ್ಚಿದಳು. ಕಟ್ಟಲು ಮೂರು ತಿಂಗಳಾಗಿದ್ದದ್ದು ಬಿಚ್ಚಲು ಎಂಟು ದಿನವಾಯಿತು. ಲುಬೇಗಾನ ಕೆಮ್ಮು ಎದೆಗಿಳಿಯಿತು. ಅವನ ಮಕ್ಕಳಲ್ಲಿ ಯಾರೂ ಕೊಡತಿ ಹಿಡಿದವರಲ್ಲ. ಗೋರಿಮನೆ ಮತ್ತೆ ಕಟ್ಟುವಾಗ ತೆರೆಗೆ ಬಟ್ಟೆ ನನ್ನದೇ ಎಂದು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುತ್ತಿದ್ದ; ಆಗಸ್ಟಿನಲ್ಲಿ ತೀರಿಕೊಂಡ. ಅಷ್ಟು ಜನಕ್ಕೆ ಹೊದಿಕೆ ಕೊಟ್ಟವನಿಗೆ ನೆಂಟರು ಪಟ್ಟಣದ ಅಂಗಡಿಯಿಂದ ಬಟ್ಟೆ ತಂದರು. ನಾಜಿವಾ ಆ ನಾಲ್ಕು ತೆಳು ಬಟ್ಟೆ ತಂದಳು. ಸುತ್ತು ಬಿಚ್ಚಿದ ಕಡೆಯೆಲ್ಲ ಸೂಜಿಯ ತೂತುಗಳಿದ್ದವು. ಇದು ಬಹಳ ತೆಳು, ನಿಲ್ಲುವುದಿಲ್ಲ ಎಂದು ಒಬ್ಬ ಹಿರಿಯ ಗೊಣಗಿದ. ಅವನದೇ ಕೆಲಸ, ಒಳಗಡೆಗೆ ಇರಲಿ ಎಂದು ಹೇಳಿ ತಾನೇ ಮೊದಲು ಹೊದಿಸಿದಳು. ಆಮೇಲೆ ಅಂಗಡಿಯವುಗಳನ್ನು ಹೊದಿಸಿದರು.

ಅಲ್ಲಿಗೆ ಅವಳು ದೀಪ ಮಾಡುವುದನ್ನು ಬಿಟ್ಟಳು. ಬಟ್ಟೆ ಬಡಿಯುವವರೇ ಇಲ್ಲದಾದದ್ದು ಒಂದು ಕಾರಣ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ನ್ಯೆಂಡೊದಲ್ಲಿ ಶಾಲಾಮಕ್ಕಳ ಸಮವಸ್ತ್ರ ಹೊಲಿದು ಬದುಕಿದಳು. ಗೋರಿಮನೆಯ ಕೆಲಸ ಶುರುವಾಗಿ ನಿಂತು ಮತ್ತೆ ಶುರುವಾಯಿತು. ಮಾಡು ಹೊದಿಸುವಾಗ ಹೆಂಗಸರು ಹತ್ತಿರ ಸುಳಿಯಬಾರದು. ಅವಳು ರಸ್ತೆಯಾಚೆ ನಿಂತು ಮರದ ಅಟ್ಟಣೆಯನ್ನಷ್ಟೇ ನೋಡಿ ಬಂದಳು.

ಅಂಥದ್ದೇ ಒಂದು ಸಲ, ಐವತ್ತೆಂಟನೆಯ ವಯಸ್ಸಿನಲ್ಲಿ, ಬಿರುಂಗಿಯ ಹೋಟೆಲಿನ ಒಳಗೆ ಹೋದಳು. ಕಾವಲಿನವನು ತಡೆದ, ಚಹಾ ಕುಡಿಯಲು ಬಂದೆ ಎಂದ ಮೇಲೆ ಬಿಟ್ಟ. ಊಟದ ಕೋಣೆಯಲ್ಲಿ ಅವಳ ಆರು ನಗಾರಿಗಳೂ ತೂಗುತ್ತಿದ್ದವು. ಒಳಗೆ ಬಿಳಿ ಬಲ್ಬು ಹಾಕಿದ್ದರು, ಹೊಸ ನಮೂನೆಯವು, ಕಾವೇ ಇಲ್ಲದವು. ಆ ಬೆಳಕಿಗೆ ಬಟ್ಟೆ ಬೂದಿಯ ಬಣ್ಣಕ್ಕೆ ಕಾಣುತ್ತಿತ್ತು, ಸತ್ತವರ ಮೈಯ ಹಾಗೆ. ಬಲ್ಬು ಬದಲಿಸಲು ಆಗುತ್ತದೆಯೇ, ಹಳದಿಯದು ಹಾಕಿದರೆ ಸಾಕು ಎಂದು ಚಹಾ ತಂದ ಹುಡುಗಿಯನ್ನು ಕೇಳಿದಳು. ಹುಡುಗಿ ಮರ್ಯಾದೆಯಿಂದಲೇ ಮಂಡಿ ಬಗ್ಗಿಸಿ ಹೇಳಿದಳು:

"ಯಜಮಾನರು ಬದಲಾಗಿದ್ದಾರೆ ಅಜ್ಜಿ. ಕರೆಂಟು ಉಳಿಯುತ್ತೆ ಅಂತ ಅವರೇ ಹಾಕಿಸಿದ್ದು. ನಿಮಗೆ ಬೆಳಕು ಕಮ್ಮಿ ಆಯ್ತಾ?"

"ಇಲ್ಲಮ್ಮಾ," ಎಂದಳು ನಾಜಿವಾ. "ಸಾಕಷ್ಟಿದೆ."

ಯಾರು ಮಾಡಿದ್ದು ಎಂದು ಹುಡುಗಿ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚಹಾ ಆರುವ ಮುನ್ನ ಕುಡಿದು ಮುಗಿಸಿ, ಲೋಟ ಸರಿಸಿಟ್ಟು, ಮಸಾಕಾದ ಬಸ್ಸು ಹಿಡಿಯಲು ಎದ್ದಳು.